ನಕಾಶೆಯ ಮೇಲಿನ ನಾದ: ಇತಿಹಾಸದ ತಂತ್ರದಾಟಗಳ ಸಂಗೀತವನ್ನು ಕುರಿತು

(ಕಲಬುರಗಿಯಲ್ಲಿ ಇತಿಹಾಸ ಮತ್ತು ಸಂಗೀತದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪವಿದು. ಸಭೆಯಲ್ಲಿ ಕೇಳಿಸಿದ ಸಂಗೀತದ ತುಣುಕುಗಳನ್ನು ಕಾಗದದ ಮೇಲೆ ಕೇಳಿಸಲಾಗದ ಕಾರಣ, ಆ ಜಾಗಗಳಲ್ಲಿ ವಿವರಣೆಯನ್ನು ತುಸು ಬೆಳೆಸಿದ್ದೇನೆ.)

ಸ್ನೇಹಿತರೆ,

ಇಂದಿನ ವಿಷಯವನ್ನು, ಅಂದರೆ ಹಿಂದಿನ ಕಾಲದ ನಾಡುಗಳನ್ನು ಕಟ್ಟಿ ಆಳಿಸುವ ಕಂಪ್ಯೂಟರ್ ತಂತ್ರದಾಟಗಳ ಸಂಗೀತವನ್ನು, ಒಂದು ಕೊರತೆಯಿಂದಲೇ ಆರಂಭಿಸುತ್ತೇನೆ. 2001ರ ಸುಮಾರಿಗೆ ನಮ್ಮ ಸೂಪರ್ ಮಾರ್ಕೆಟ್ ಆಸುಪಾಸಿನ ಒಂದು ಸೈಬರ್ ಕೆಫೆಯಲ್ಲಿ ನಾನೂ ನನ್ನ ಕಾಕಾನ ಮಗನೂ ಒಂದೇ ಕುರ್ಚಿಯನ್ನು ಹಂಚಿಕೊಂಡು ಕುಳಿತು ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ಎರಡನೆಯ ಭಾಗವನ್ನು ಆಡುತ್ತಿದ್ದೆವು. 1999ರಲ್ಲಿ ಹೊರಬಂದ ಆ ಆಟದಲ್ಲಿ ಮಧ್ಯಯುಗದ ಒಂದು ಜನಾಂಗವನ್ನು ಆರಿಸಿಕೊಂಡು, ಕುರಿ ಮೇಯಿಸುವ ಮತ್ತು ಕಟ್ಟಿಗೆ ಕಡಿಯುವ ಬೆರಳೆಣಿಕೆಯ ಜನರಿಂದ ತೊಡಗಿ, ಕೋಟೆ ಕಟ್ಟಿ ದಂಡು ಹೊರಡಿಸುವವರೆಗೆ ಬೆಳೆಯಬೇಕು. ಕೊಡಲಿಯ ಪೆಟ್ಟು, ಕುದುರೆಯ ಖುರಪುಟದ ಸದ್ದು, ಶತ್ರು ಬಂದಾಗ ಊರ ಗಂಟೆಯ ಬಡಿತ ಎಲ್ಲವೂ ಕೇಳಿಸುತ್ತಿದ್ದವು. ಸಂಗೀತ ಮಾತ್ರ ಇರಲಿಲ್ಲ. ಇರಬೇಕಾಗಿತ್ತೆಂಬುದೂ ನಮಗೆ ಗೊತ್ತಿರಲಿಲ್ಲ. ಆ ಕಾಲದಲ್ಲಿ ಕೈಯಿಂದ ಕೈಗೆ ಹರಿದಾಡುತ್ತಿದ್ದ ಕಳ್ಳ ಪ್ರತಿಗಳಲ್ಲಿ ಕಡತದ ಗಾತ್ರವನ್ನು ಇಳಿಸಲು ಮೊದಲು ಕಿತ್ತುಹಾಕುತ್ತಿದ್ದುದು ಸಂಗೀತವನ್ನು ಮತ್ತು ನಡುನಡುವೆ ಬರುವ ಚಲನಚಿತ್ರದಂಥ ತುಣುಕುಗಳನ್ನು. ಆಟಕ್ಕೆ ಬೇಕಾದದ್ದು ಲೆಕ್ಕ, ಸಂಗೀತ ಶೃಂಗಾರ ಎಂಬುದು ಅವರ ಎಣಿಕೆಯಾಗಿತ್ತು.

ಎರಡು ಮೂರು ವರ್ಷಗಳ ತರುವಾಯ ಕಾಕಾನ ಮಗ ಹೈದರಾಬಾದಿನಿಂದ ಆಟದ ಪೂರ್ಣ ಸಿ.ಡಿ. ತಂದ. ಮೇ ತಿಂಗಳ ಸಂಜೆ, ಹೋಗಿದ್ದ ಕರೆಂಟು ಬಂದ ಮೇಲೆ ಅದನ್ನು ಹಾಕಿದೆವು. ಅದೇ ಕುರಿಗಳು, ಅದೇ ಮರಗಳು, ಅದೇ ನಾಲ್ಕು ಜನ. ಆದರೆ ಅವರ ಹಿಂದಿನಿಂದ ಕೈತಮಟೆಯಂಥ ಒಂದು ಲಯವೂ ಅದರ ಮೇಲೆ ಕೊಳಲಿನಂಥ ಒಂದು ಎಳೆಯೂ ಬಂದಾಗ, ಇಷ್ಟು ದಿನ ನಾವು ಆಡಿದ್ದು ಈ ಊರಿನಲ್ಲಲ್ಲ ಎನ್ನಿಸಿತು. ಆಟದ ಒಂದು ನಿಯಮವೂ ಬದಲಾಗಿರಲಿಲ್ಲ. ಗೆಲ್ಲುವ ದಾರಿಯೂ ಅದೇ ಆಗಿತ್ತು. ಹಾಗಾದರೆ ಬದಲಾದದ್ದು ಏನು? ಈ ಪ್ರಶ್ನೆ ಇಪ್ಪತ್ತು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. ಇಂದಿನ ಮಾತು ಅದರ ಸುತ್ತಲೇ ಇದೆ.

ಮೊದಲು ಒಂದು ತಕರಾರನ್ನು ನಾನೇ ಎತ್ತುತ್ತೇನೆ. ತಂತ್ರದಾಟಗಳಲ್ಲಿ ಬಹಳ ಹಳೆಯದೂ ಅತಿ ಗಂಭೀರವಾದದ್ದೂ ಚದುರಂಗ. ಅದಕ್ಕೆ ಯಾರೂ ಹಿನ್ನೆಲೆ ಸಂಗೀತ ಕೇಳಿಲ್ಲ. ಕಟ್ಟೆಯ ಮೇಲೆ ಚೌಕಾಬಾರ ಆಡುವವರಿಗೂ ಅದು ಬೇಕಾಗಿಲ್ಲ. ಅಂದ ಮೇಲೆ ಕಂಪ್ಯೂಟರಿನ ತಂತ್ರದಾಟಕ್ಕೆ ಏಕೆ ಬೇಕು? ನನಗೆ ತೋಚುವ ಉತ್ತರ ಹೀಗಿದೆ. ಚದುರಂಗದ ಮಣೆಯ ಆಚೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅವನ ಉಸಿರು, ಅವನ ಗೊಣಗಾಟ, ಕಾಯಿ ಎತ್ತಿ ಇಡುವ ಮೊದಲಿನ ಅವನ ತಡವರಿಕೆ ಇವೇ ಆ ಆಟದ ಸಂಗೀತ. ಮೇಲಾಗಿ ಚದುರಂಗದ ಮಣೆ ತಾನೊಂದು ದೇಶವೆಂದು ಹೇಳಿಕೊಳ್ಳುವುದಿಲ್ಲ. ಇತಿಹಾಸದ ತಂತ್ರದಾಟವಾದರೋ ಎದುರಾಳಿಯನ್ನು ಯಂತ್ರದೊಳಗೆ ಅಡಗಿಸಿ, ಆಡುವವನನ್ನು ಒಂಟಿಯಾಗಿ ಕೂರಿಸಿ, ಅವನ ಮುಂದೆ ಹರಡಿದ ನಕಾಶೆಯನ್ನು ತೋರಿಸಿ, ಇದು ನಿಜವಾಗಿ ಇದ್ದ ನಾಡು, ಇದರ ಭಾರ ನಿನ್ನದು ಎಂದು ಹೇಳುತ್ತದೆ. ಆದರೆ ಆ ನಾಡನ್ನು ಅವನು ನೋಡುವುದೆಲ್ಲ ಆಕಾಶದಿಂದ. ಊರುಗಳು ಚುಕ್ಕೆಗಳು, ಬೆಳೆ ಒಂದು ಅಂಕಿ, ಬರಗಾಲ ಇನ್ನೊಂದು ಅಂಕಿ, ಸತ್ತ ಸೈನಿಕರು ಮೂರನೆಯ ಅಂಕಿ. ಇಷ್ಟೆಲ್ಲದರ ನಡುವೆ ನೆಲದ ಮಟ್ಟದಲ್ಲಿ ಇರುವುದು ಸಂಗೀತ ಒಂದೇ. ಯಾರೋ ತಂತಿ ಮೀಟಿದರು, ಯಾರೋ ಚರ್ಮದ ಮೇಲೆ ಬೆರಳಾಡಿಸಿದರು ಎಂಬುದು ಕಿವಿಗೆ ಬಿದ್ದೊಡನೆ ಆ ಚುಕ್ಕೆಯಲ್ಲಿ ಜನರಿದ್ದಾರೆಂಬ ನಂಬಿಕೆ ಹುಟ್ಟುತ್ತದೆ. ಕಣ್ಣು ಸುಲ್ತಾನನ ಗಚ್ಚಿನ ಮೇಲೆ ಇದ್ದರೂ ಕಿವಿ ಮಾತ್ರ ಬಜಾರಿನಲ್ಲಿರುತ್ತದೆ. ಈ ಆಟಗಳ ಸಂಗೀತದ ಸೆಳೆತದ ಬೇರು ಇಲ್ಲಿದೆಯೆಂದು ನಾನು ತಿಳಿದಿದ್ದೇನೆ.

ಇನ್ನು ಕಸುಬಿನ ಮಾತು. ಸಿನಿಮಾಕ್ಕೆ ಸಂಗೀತ ಕೊಡುವವನಿಗೆ ದೃಶ್ಯ ಎಷ್ಟು ನಿಮಿಷದ್ದೆಂಬುದು ತಿಳಿದಿರುತ್ತದೆ. ಆಟಕ್ಕೆ ಸಂಗೀತ ಕೊಡುವವನಿಗೆ ಅದು ತಿಳಿಯುವ ಬಗೆಯೇ ಇಲ್ಲ. ಆಡುವವನು ಮುಂದಿನ ಗಳಿಗೆಯಲ್ಲಿ ಯುದ್ಧ ಸಾರಬಹುದು, ಇಲ್ಲವೆ ಖಜಾನೆಯ ಲೆಕ್ಕ ನೋಡುತ್ತ ಅರ್ಧ ಗಂಟೆ ಕೂರಬಹುದು, ಅದೂ ಇಲ್ಲವೆ ಚಹಾ ಕುಡಿಯಲು ಎದ್ದು ಹೋಗಬಹುದು. ಅದೇ ತುಣುಕನ್ನು ಅವನು ನೂರಾರು ಸಲ ಕೇಳುತ್ತಾನೆ. ಆದ್ದರಿಂದ ಅದರ ಮೊದಲೂ ಕೊನೆಯೂ ಎದ್ದು ಕಾಣಬಾರದು, ಅದು ಯಾವ ನಿರ್ಣಯಕ್ಕೂ ಅವನನ್ನು ತಳ್ಳಬಾರದು, ಹಾಗೆಂದು ಸಪ್ಪೆಯಾಗಲೂಬಾರದು. ಇದು ಹೊಸ ಸಮಸ್ಯೆಯೆಂದು ಗಣಕ ಪಂಡಿತರು ಭಾವಿಸಬಹುದು. ನಮ್ಮ ಕಡೆಯ ದೊಡ್ಡಾಟ, ಸಣ್ಣಾಟಗಳನ್ನು ನೋಡಿದವರಿಗೆ ಇದು ಹಳೆಯ ಪರಿಚಯ. ಮುಂದಿನ ಪಾತ್ರದ ಬಣ್ಣ ಇನ್ನೂ ಮುಗಿದಿಲ್ಲವೆಂದು ಪರದೆಯ ಹಿಂದಿನಿಂದ ಸನ್ನೆ ಬಂದರೆ, ಹಾರ್ಮೋನಿಯಂ ಮಾಸ್ತರು ಅದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಪಾತ್ರ ರಂಗಕ್ಕೆ ಕಾಲಿಟ್ಟ ಕ್ಷಣದಲ್ಲಿ ತಾಳ ಬಿಗಿಯಾಗುತ್ತದೆ. ಆಟದ ಸಂಗೀತಗಾರನಿಗೆ ಆ ಸನ್ನೆಯನ್ನು ಕೊಡುವುದು ಕಂಪ್ಯೂಟರು. ಒಂದು ತುಣುಕಿನಿಂದ ಇನ್ನೊಂದಕ್ಕೆ ದಾಟಿಸುವುದು ಒಂದು ಬಗೆ. ಕೆಳಗಿನ ಪದರವನ್ನು ಹಾಗೆಯೇ ಇಟ್ಟು ಮೇಲೆ ಡೋಲು, ಕಹಳೆಗಳ ಪದರಗಳನ್ನು ಏರಿಸುವುದು, ಇಳಿಸುವುದು ಇನ್ನೊಂದು ಬಗೆ.

ಜೆಫ್ ವ್ಯಾನ್ ಡೈಕ್ ಸಂಗೀತ ನೀಡಿದ 2004ರ ‘ರೋಮ್: ಟೋಟಲ್ ವಾರ್’ ಆಡಿದವರು ಈ ದಾಟುವಿಕೆಯನ್ನು ಮೈಯಲ್ಲಿ ಅನುಭವಿಸಿರುತ್ತಾರೆ. ನಕಾಶೆಯ ಮೇಲಿರುವಾಗ ನಿಧಾನ. ಎರಡು ದಂಡುಗಳು ಎದುರುಬದುರು ನಿಂತಾಗ ಒಂದು ಬಗೆಯ ಬಿಗಿತ. ಕತ್ತಿಗೆ ಕತ್ತಿ ತಾಗಿದಾಗ ತಾಳವಾದ್ಯಗಳ ಮಳೆ. ‘ಸಿವಿಲೈಸೇಶನ್’ ಎಂಬ ಆಟದ 2010ರ ಐದನೆಯ ಭಾಗವು ಪ್ರತಿ ನಾಯಕನಿಗೂ ಶಾಂತಿಕಾಲಕ್ಕೊಂದು, ಯುದ್ಧಕಾಲಕ್ಕೊಂದು ಎಂದು ಸಂಗೀತವನ್ನು ಒದಗಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ನಾನು ಮೊದಲು ಹೇಳಿದ ‘ಏಜ್ ಆಫ್ ಎಂಪೈರ್ಸ್’ನ 1999ರ ರೂಪದಲ್ಲಿ ಸ್ಟೀಫನ್ ರಿಪ್ಪಿ ಮುಂತಾದವರು ಮಾಡಿದ ಸಂಗೀತಕ್ಕೆ ನಡೆಯುತ್ತಿರುವ ಯುದ್ಧದ ಗೊಡವೆಯೇ ಇಲ್ಲ, ಕೋಟೆ ಬೀಳುತ್ತಿರುವಾಗಲೂ ಅದು ತನ್ನ ಪಾಡಿಗೆ ತಾನು ಸಾಗುತ್ತದೆ. ಆ ತುಣುಕುಗಳಿಗೆ ಅವರು ಇಟ್ಟ ಹೆಸರುಗಳೂ ತಮಾಷೆಯವು. ಒಂದರ ಹೆಸರಿನ ಅರ್ಥ ‘ವಾಸನೆ ಜೀರುಂಡೆಯದು, ರುಚಿ ಕೋಳಿಯದು’ ಎಂದು. ಇತಿಹಾಸದ ಮುಂದೆ ಕೈಮುಗಿದು ನಿಲ್ಲುವ ಭಯಭಕ್ತಿ ಅವರಲ್ಲಿ ಇರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೂ, ವೈಯಕ್ತಿಕವಾಗಿ ಹೇಳುವುದಾದರೆ, ಎರಡು ದಶಕಗಳ ನಂತರ ನನ್ನ ನಾಲಿಗೆಯ ಮೇಲೆ ಉಳಿದಿರುವುದು ಆ ಬೇಫಿಕಿರಿ ಸಂಗೀತವೇ ಹೊರತು, ಯುದ್ಧಕ್ಕೆ ತಕ್ಕಂತೆ ಏರಿಳಿಯುವ ಜಾಣ ಸಂಗೀತವಲ್ಲ. ಏಕೆಂದರೆ ಯುದ್ಧವನ್ನೇ ಮತ್ತೆ ಹೇಳುವ ಸಂಗೀತ ಕಣ್ಣಿಗೆ ಕಂಡದ್ದನ್ನು ಕಿವಿಗೆ ಒದಗಿಸುತ್ತದೆ, ಅಷ್ಟೇ. ಯುದ್ಧವನ್ನು ಲೆಕ್ಕಿಸದ ಸಂಗೀತವಾದರೋ, ದಂಡು ಬಂದರೂ ಹೋದರೂ ಹೊಲದಲ್ಲಿ ಕೆಲಸ ನಡೆದೇ ಇರುತ್ತದೆ ಎಂಬ ಸಂಗತಿಯನ್ನು ಬೇಕೆಂದೋ ಬೇಡವೆಂದೋ ತಿಳಿಸಿಬಿಡುತ್ತದೆ.

ಈ ಕ್ಷೇತ್ರದ ಅತಿ ಪ್ರಸಿದ್ಧ ಹಾಡನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2005ರ ‘ಸಿವಿಲೈಸೇಶನ್’ ನಾಲ್ಕನೆಯ ಭಾಗವನ್ನು ತೆರೆದೊಡನೆ ತಿರುಗುವ ಭೂಮಿಯ ಚಿತ್ರದೊಂದಿಗೆ ಕೇಳಿಬರುವ ‘ಬಾಬಾ ಯೇಟು’ ಎಂಬ ಸಮೂಹಗೀತೆಯನ್ನು ಕ್ರಿಸ್ಟೊಫರ್ ಟಿನ್ ರಚಿಸಿದರು. ಕ್ರೈಸ್ತರ ಪರಲೋಕ ಪ್ರಾರ್ಥನೆಯ ಸ್ವಾಹಿಲಿ ರೂಪ ಅದು. ಆಟದ ಮುಖ್ಯ ವಿನ್ಯಾಸಕ ಸೊರೆನ್ ಜಾನ್ಸನ್ ಮತ್ತು ಟಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯರು; ಅದೇ ವಿಶ್ವವಿದ್ಯಾಲಯದ ಗಾಯನ ತಂಡವೊಂದು ಅದನ್ನು ಹಾಡಿತು. 2011ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಾಗ, ವಿಡಿಯೊ ಗೇಮ್‌ಗಾಗಿ ಹುಟ್ಟಿದ ಸಂಗೀತವೊಂದು ಆ ಗೌರವ ಪಡೆದದ್ದು ಅದೇ ಮೊದಲು. ಸ್ವಾಹಿಲಿ ಬಾರದ ಎಷ್ಟೋ ಜನ ಅದನ್ನು ಗುನುಗುತ್ತಾರೆ. ಇಲ್ಲಿ ಒಂದು ವಿಚಿತ್ರವಿದೆ: ಆರು ಸಾವಿರ ವರ್ಷಗಳ ಮಾನವ ಚರಿತ್ರೆಯನ್ನು ಆಡಿಸುವ ಆಟದ ಬಾಗಿಲಲ್ಲಿರುವ ಈ ಹಾಡು ಯಾವ ಪ್ರಾಚೀನ ಕಾಲದ್ದೂ ಅಲ್ಲ. ಅದು ಯಾವ ಶತಮಾನವನ್ನೂ ಅನುಕರಿಸುವುದಿಲ್ಲ. ಒಂದು ದನಿ ಕರೆಯುತ್ತದೆ, ಹಲವು ದನಿಗಳು ಓಗೊಡುತ್ತವೆ. ನಾಗರಿಕತೆ ಎಂದರೆ ಇಷ್ಟೇ ಎಂಬಂತೆ. ಆದರೆ ಅದೇ ಆಟದ ಒಳಗೆ ಹೋದರೆ ಮಧ್ಯಯುಗಕ್ಕೆ ಕ್ರೈಸ್ತ ಮಠಗಳ ಗಾಯನ, ಮುಂದಿನ ಯುಗಗಳಿಗೆ ಯುರೋಪಿನ ಶಾಸ್ತ್ರೀಯ ಸಂಗೀತ. ನೀವು ಆಳುವುದು ಯಾವ ದೇಶವನ್ನಾದರೂ ಇರಲಿ, ಕಾಲ ಸರಿಯುವುದು ಮಾತ್ರ ಯುರೋಪಿನ ಗಡಿಯಾರದಲ್ಲಿ. ಆ ಸಂಗೀತ ಚೆನ್ನಾಗಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರಶ್ನೆ ಇರುವುದು ಗಡಿಯಾರದ ಬಗ್ಗೆ.

2016ರ ಆರನೆಯ ಭಾಗ ಈ ಗಡಿಯಾರವನ್ನು ಒಡೆಯಿತು, ಮತ್ತು ನನ್ನ ದೃಷ್ಟಿಯಲ್ಲಿ ಈ ಬಗೆಯ ಸಂಗೀತದಲ್ಲಿ ಅತ್ಯಂತ ವಿವೇಕದ ಉಪಾಯ ಅದೇ. ಪ್ರತಿ ನಾಗರಿಕತೆಗೂ ಅದರ ಪರಂಪರೆಯ ಒಂದು ಧಾಟಿಯನ್ನು ಆರಿಸಿಕೊಂಡು, ಪ್ರಾಚೀನ, ಮಧ್ಯಕಾಲೀನ, ಕೈಗಾರಿಕಾ ಮತ್ತು ಪರಮಾಣು ಎಂಬ ನಾಲ್ಕು ಯುಗಗಳಲ್ಲಿ ಅದನ್ನು ನಾಲ್ಕು ರೀತಿಯಲ್ಲಿ ಬೆಳೆಸಿದರು. ಇಂಗ್ಲೆಂಡಿಗೆ ‘ಸ್ಕಾರ್ಬರೊ ಫೇರ್’ ಎಂಬ ಜನಪದ ಧಾಟಿ, ಚೀನಾಕ್ಕೆ ಮಲ್ಲಿಗೆ ಹೂವಿನ ಹಾಡು. ಮೊದಲ ಯುಗದಲ್ಲಿ ಒಂದೆರಡು ವಾದ್ಯಗಳಲ್ಲಿ ಬಡವಾಗಿ ಕೇಳಿಸುವ ಧಾಟಿಯೇ ಕೊನೆಯ ಯುಗದಲ್ಲಿ ಇಡೀ ವಾದ್ಯವೃಂದವನ್ನು ಹೊತ್ತು ಬರುತ್ತದೆ. ಸಂಜೆ ಏಳಕ್ಕೆ ಆಟಕ್ಕೆ ಕುಳಿತವನು ನಡುರಾತ್ರಿ ಆ ದೊಡ್ಡ ರೂಪವನ್ನು ಕೇಳಿದಾಗ, ಇದು ತಾನು ಹಳ್ಳಿಯಾಗಿದ್ದಾಗಿನ ಹಾಡಲ್ಲವೇ ಎಂದು ಗುರುತಿಸುತ್ತಾನೆ. ಇತಿಹಾಸ ಎಂಬ ಮಾತಿಗೆ ಪಠ್ಯಪುಸ್ತಕದಲ್ಲಿ ಸಿಗದ ಒಂದು ಅನುಭವ ಇದು: ಬದಲಾದರೂ ಗುರುತು ಸಿಗುವುದು. ಮಹಾರಾಜರ ಪಟ್ಟಿಗಳನ್ನು ಬಾಯಿಪಾಠ ಮಾಡಿಸುವ ಉದ್ಯೋಗದಲ್ಲಿರುವ ನನಗೆ ಇದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಹೊರನಾಡಿನವರು ಮಾಡಿದ ಈ ಆಟಗಳ ನಕಾಶೆಗಳಲ್ಲಿ ನಾವು ಇಲ್ಲವೆಂದುಕೊಳ್ಳಬೇಡಿ, ಧಾರಾಳವಾಗಿ ಇದ್ದೇವೆ. ‘ಕ್ರುಸೇಡರ್ ಕಿಂಗ್ಸ್’ ಮೂರನೆಯ ಭಾಗವನ್ನು 867ರಿಂದಲೂ 1066ರಿಂದಲೂ ಆರಂಭಿಸಬಹುದು. 867ರಲ್ಲಿ ಇಲ್ಲಿಗೆ ಸಮೀಪದ ಮಳಖೇಡ, ಅಂದರೆ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ; 1066ರಲ್ಲಿ ಇಂದಿನ ಬಸವಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಜಧಾನಿ. ‘ಯುರೋಪಾ ಯೂನಿವರ್ಸಾಲಿಸ್’ ನಾಲ್ಕನೆಯ ಭಾಗ 1444ರ ನವೆಂಬರ್ 11ರಂದು ತೆರೆದುಕೊಳ್ಳುತ್ತದೆ. 1347ರಲ್ಲಿ ನಮ್ಮ ಕಲಬುರಗಿಯಲ್ಲಿ ಹುಟ್ಟಿದ ಬಹಮನಿ ರಾಜ್ಯ ಆ ಹೊತ್ತಿಗೆ ಬೀದರಿಗೆ ಸ್ಥಳಾಂತರಗೊಂಡಿತ್ತು. ಬಹಮನಿಯನ್ನು ಆರಿಸಿಕೊಂಡು ವಿಜಯನಗರದ ಗಡಿಯನ್ನು ನೋಡುತ್ತ ಕುಳಿತ ನನ್ನ ಕಿವಿಗೆ ಬಿದ್ದದ್ದು ಆಂಡ್ರೆಯಾಸ್ ವಾಲ್ಡೆಟಾಫ್ಟ್ ಅವರ, ಯುರೋಪಿನ ವಾದ್ಯವೃಂದದ ಭವ್ಯ ಸಂಗೀತ. ಆಟದ ಹೆಸರಿನಲ್ಲೇ ಯುರೋಪು ಇರುವಾಗ ತಕರಾರು ಎತ್ತುವುದು ಸೌಜನ್ಯವಲ್ಲ. ಆದರೂ ಬೀದರಿನ ಕೆಂಪು ಕಲ್ಲಿನ ಮೇಲೆ ಆ ಪಿಟೀಲುಗಳು ಬಿದ್ದಾಗ, ಬಾಡಿಗೆಗೆ ತಂದ ಶೇರವಾನಿಯನ್ನು ತೊಟ್ಟ ಮದುಮಗನ ನೆನಪಾಗದೆ ಇರಲಿಲ್ಲ.

ಇದಕ್ಕೆ ಮದ್ದೆಂದು ಸಾಮಾನ್ಯವಾಗಿ ಬಳಸುವುದು ಸಿತಾರ್ ಮತ್ತು ತಬಲಾ. ಭಾರತ ಎಂದೊಡನೆ ಇವೆರಡನ್ನು ತಂದು ಕೂರಿಸುವುದು ಆಟಗಳ ಲೋಕದಲ್ಲಿ ಒಂದು ರೂಢಿಯೇ ಆಗಿದೆ. ಆದರೆ ನಾವಿಂದು ಕಾಣುವ ರೂಪದ ಸಿತಾರೂ ತಬಲಾವೂ ದಿಲ್ಲಿಯ ಕಡೆ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. ಕಲ್ಯಾಣದ ಚಾಲುಕ್ಯರಿಗೆ ಅವುಗಳನ್ನು ಕೊಟ್ಟರೆ, ವಿಕ್ರಮಾದಿತ್ಯನ ಕೈಗೆ ಬಂದೂಕು ಕೊಟ್ಟಷ್ಟೇ ಕಾಲವಿಪರ್ಯಾಸವಾಗುತ್ತದೆ. ಬಂದೂಕನ್ನು ಆಟಗಾರರು ಒಪ್ಪುವುದಿಲ್ಲ, ಸಿತಾರನ್ನು ಒಪ್ಪುತ್ತಾರೆ. ಕಣ್ಣಿನ ಇತಿಹಾಸಕ್ಕೆ ಇರುವ ಕಾವಲು ಕಿವಿಯ ಇತಿಹಾಸಕ್ಕೆ ಇಲ್ಲ. ಇದೇ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗಕ್ಕೆ 2022ರಲ್ಲಿ ಬಂದ ಭಾರತದ ವಿಸ್ತರಣೆಯಲ್ಲಿ ದ್ರಾವಿಡರೆಂಬ ಪ್ರತ್ಯೇಕ ನಾಗರಿಕತೆ ಸೇರಿಕೊಂಡಿತು. ಅದರ ಸೈನಿಕರು ತಮಿಳಿನಲ್ಲಿ ಓಗೊಡುತ್ತಾರೆ. ಹತ್ತಿರ ಬಂದಿದ್ದಾರೆ, ಇನ್ನೂ ಕೃಷ್ಣೆಯನ್ನು ದಾಟಿಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು.

ಹಾಗಾದರೆ ಕಲ್ಯಾಣದ ಸದ್ದು ಹೇಗಿತ್ತು? ತಿಳಿಯದೆ ಇರುವಷ್ಟು ದರಿದ್ರರು ನಾವಲ್ಲ. ಕಲ್ಯಾಣದಲ್ಲೇ ಕುಳಿತು ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಸಿದ್ಧಪಡಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಗ್ರಂಥ. ಅದರಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಜಾಗವಿದೆ. ಅರಸನೊಬ್ಬ ಅಡುಗೆ, ಆನೆ, ಆಡಳಿತಗಳ ಸಾಲಿನಲ್ಲಿ ಹಾಡನ್ನೂ ಇಟ್ಟಿರುವುದನ್ನು ತಂತ್ರದಾಟ ಮಾಡುವವರು ಗಮನಿಸಬೇಕು. ಅವರ ಪರದೆಯ ಮೇಲಿನ ಪಟ್ಟಿಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಐದು ಶತಮಾನಗಳ ಈಚೆಗೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾ, 1580ರಿಂದ 1627ರವರೆಗೆ ಆಳಿದವನು, ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಹಾಡುಗಳನ್ನು ಬರೆದು ಅವುಗಳನ್ನು ರಾಗಗಳ ಕೆಳಗೆ ಅಳವಡಿಸಿದ, ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದ. ಇಲ್ಲಿಯೇ ಖ್ವಾಜಾ ಬಂದೇ ನವಾಜರ ದರ್ಗಾದ ಚಿಶ್ತಿ ಪರಂಪರೆಯಲ್ಲಿ ಸಮಾ ಎಂಬ ಆಲಿಸುವಿಕೆಯೇ ಒಂದು ಸಾಧನೆ. ರಾಗದ ಹೆಸರು, ತಾಳದ ಹೆಸರು, ಹಾಡಿನ ಮಾತು ನಮಗೆ ಉಳಿದಿವೆ. ಸ್ವರ ಹೇಗೆ ಸಾಗುತ್ತಿತ್ತೆಂಬುದು ಉಳಿದಿಲ್ಲ. 1129ರ ಕಲ್ಯಾಣದ ಹಾಡನ್ನು ಇದ್ದಂತೆಯೇ ತಂದಿದ್ದೇವೆಂದು ಯಾರಾದರೂ ಹೇಳಿದರೆ ಅದು ವ್ಯಾಪಾರದ ಮಾತು.

ಆದ್ದರಿಂದ ನನ್ನ ನಿಲುವು ಇತಿಹಾಸಕಾರರಿಗೆ ತುಸು ಅಸಮಾಧಾನ ತರಬಹುದು. ನಿಖರತೆಯನ್ನೇ ಪಟ್ಟು ಹಿಡಿದು ಕುಳಿತರೆ ಆಟಗಳಲ್ಲಿ ಮೌನವೇ ಉಳಿಯುತ್ತದೆ, ಮತ್ತು ಮೌನದ ಆಟ ಹೇಗಿರುತ್ತದೆಂಬುದನ್ನು ನಾನು ಸೈಬರ್ ಕೆಫೆಯಲ್ಲಿ ಕಂಡಿದ್ದೇನೆ. ‘ಬಾಬಾ ಯೇಟು’ ನಿಖರವಲ್ಲ, ಆದರೂ ನಿಲ್ಲುತ್ತದೆ. ಸಿತಾರ್ ಮತ್ತು ತಬಲಾದ ಜೋಡಿಯೂ ನಿಖರವಲ್ಲ, ಆದರೆ ನಿಲ್ಲುವುದಿಲ್ಲ. ಮೊದಲನೆಯದು ಒಂದು ನಿರ್ದಿಷ್ಟ ಭಾಷೆಯಲ್ಲಿ, ನಿರ್ದಿಷ್ಟ ಗಂಟಲುಗಳಿಂದ ಬಂದದ್ದು. ಎರಡನೆಯದು ಎಲ್ಲಿಯದೂ ಅಲ್ಲದ ಒಂದು ‘ಪೂರ್ವ ದೇಶ’ದ್ದು. ಬೇಕಾದದ್ದು ಕಾಲದ ನಕಲಿಗಿಂತ ಹೆಚ್ಚಾಗಿ ಜಾಗದ ಗುರುತು. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡೆಂದು ಕನ್ನಡದ ಗಡಿಗಳನ್ನು ಮೊದಲು ಗುರುತಿಸಿದ ‘ಕವಿರಾಜಮಾರ್ಗ’ ಮಳಖೇಡದ ಆಸ್ಥಾನದಲ್ಲಿ ಪದ್ಯವಾಗಿ ಹುಟ್ಟಿತು. ನಮ್ಮ ನಕಾಶೆಯನ್ನು ಕಣ್ಣಿಗಿಂತ ಮೊದಲು ಕಿವಿಗೆ ಕೊಟ್ಟವರು ನಾವು. ಕೋಟೆಯ ನೌಬತ್ ಖಾನೆಯಲ್ಲಿ ಹೊತ್ತು ಹೊತ್ತಿಗೆ ನಗಾರಿ, ಸನಾದಿಗಳನ್ನು ನುಡಿಸುತ್ತಿದ್ದಾಗ, ಅದು ಕೇಳಿಸುವಷ್ಟು ದೂರದಲ್ಲಿದ್ದ ಜನರಿಗೆ ಆಳ್ವಿಕೆಯೂ ಗಡಿಯಾರವೂ ಒಟ್ಟಿಗೆ ತಲುಪುತ್ತಿದ್ದವು. ಮೊಹರಂ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುವುದನ್ನೂ, ರಿವಾಯತ್ ಪದಗಳನ್ನು ಹಾಡುವುದನ್ನೂ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಏಕತಾರಿಯ ಒಂದೇ ತಂತಿಯ ಮೇಲೆ ರಾತ್ರಿಯಿಡೀ ನಡೆಯುವುದನ್ನೂ ನೀವೆಲ್ಲ ಕೇಳಿದ್ದೀರಿ. ಇವು 1444ರವಲ್ಲ. ಆದರೆ ಈ ನೆಲದವು. ಒಂದೇ ಧಾಟಿಯನ್ನು ನಾಲ್ಕು ಯುಗಗಳಲ್ಲಿ ಬೆಳೆಸುವ ಉಪಾಯಕ್ಕೆ ಇವುಗಳಲ್ಲಿ ಯಾವುದನ್ನು ಒಡ್ಡಿದರೂ ಅದು ತಡೆದುಕೊಳ್ಳುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಅವಕಾಶವಿತ್ತು. ಆಟದಿಂದ ಓದು ಕೆಡುವುದಿಲ್ಲವೇ ಎಂಬ ಪ್ರಶ್ನೆ ನಿರೀಕ್ಷೆಯಂತೆ ಬಂತು. ಅದಕ್ಕೆ ಉತ್ತರಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಔರಾದ್ ಕಡೆಯ ಒಬ್ಬ ವಿದ್ಯಾರ್ಥಿನಿ ಕೇಳಿದ್ದು ಬೇರೆ: “ಸರ್, ಬಹಮನಿ ಆಟಕ್ಕ ನೀವೇ ಸಂಗೀತ ಕೊಡೋದಾದ್ರ ಏನ್ ಕೊಡ್ತೀರಿ?” ನೌಬತ್ತನ್ನೇ ಕೊಡುತ್ತೇನೆ, ಆದರೆ ಕೋಟೆಯ ಒಳಗಿನಿಂದ ಕೇಳಿದಂತೆ ಅಲ್ಲ, ಒಂದು ಹರದಾರಿ ಆಚೆಯ ಹೊಲದಿಂದ ಗಾಳಿಯ ಮೇಲೆ ಬಂದಂತೆ ಎಂದೆ, ಅದರ ಕೆಳಗೆ, ಹತ್ತಿರದಲ್ಲಿ, ಇನ್ನೊಂದು ಹಾಡು ಬೇಕು, ಅದು ಯಾವುದೆಂದು ನನಗೂ ಹೊಳೆದಿಲ್ಲ ಎಂದೂ ಸೇರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದವೊಂದು ಬರುತ್ತದೆಂದು ಹೇಳಿ, ನಿಂತಲ್ಲಿಯೇ ಎರಡು ನುಡಿ ಹಾಡಿದಳು. ಬೀಸುಕಲ್ಲು ಒಂದು ಸುತ್ತು ಬರುವಷ್ಟಕ್ಕೆ ಒಂದು ಸಾಲು. ಸಾಲಿನ ಕೊನೆ ಮುಂದಿನ ಸಾಲಿನ ಮೊದಲಿಗೆ ಕೂಡಿಕೊಂಡದ್ದು ತಿಳಿಯಲೇ ಇಲ್ಲ. ಇದು ಎಷ್ಟು ಹೊತ್ತಿನ ಹಾಡು ಎಂದು ಕೇಳಿದೆ.

“ಜ್ವಾಳ ಮುಗಿಯೋತನಕ, ಸರ್” ಎಂದಳು.